ಸೆಲ್ಯೂಟು ಹೊಡೆದು ಓಟು ಕೇಳಿದವರು

ನಮ್ಮ ಪಕ್ಕದ ಮನೆಯ ನಿವೃತ್ತ ಸುಬೇದಾರರು ಲೋಕಸಭೆಗೆ ಪಕ್ಷೇತರರಾಗಿ ನಿಂತಾಗ ಕಾನಹೊಸಹಳ್ಳಿಯ ನಮಗೆಲ್ಲ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನಮ್ಮ ಓಣಿಯಿಂದ ದಿಲ್ಲಿಗೆ! ಮೆಕ್ಯಾನಿಕ್ ಸಾಬರು ತಮ್ಮ ಹಳೇ ಜೀಪು ತಂದು ನಿಲ್ಲಿಸಿದರು, ನಾವೆಲ್ಲ ಹತ್ತಿಕೊಂಡೆವು.

ಜೀಪು ನಿಂತ ಕಡೆಯಲ್ಲೆಲ್ಲ ಸುಬೇದಾರರು ಚಂಗನೆ ಇಳಿದು, ಎದೆಯುಬ್ಬಿಸಿ, ಕಣ್ಣಿಗೆ ಬಿದ್ದವರಿಗೆಲ್ಲ ಸೆಲ್ಯೂಟು ಹೊಡೆಯುತ್ತಿದ್ದರು. ಕುರಿ ಕಾಯುವವರಿಗೂ ಹೊಡೆದರು, ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿಗೂ ಹೊಡೆದರು. "ತಯಾರ್ ಅದೀರೇನ್ರಿ?" ಎಂದು ಗುಡುಗುವುದೇ ಅವರ ಭಾಷಣ.

"ಯಾತಕ್ಕೋ ಯಪ್ಪಾ? ರೊಟ್ಟಿ ಸೀಯ್ತೈತಿ!" ಎಂದು ಅಜ್ಜಿ ರೇಗಿದಳು.

"ಸುಬೇದಾರ್ ಸಾಬ್, ಓಟು ಕೇಳಾಕ ಕೈ ಮುಗೀಬೇಕ್ರಿ," ಎಂದು ಮೆಕ್ಯಾನಿಕ್ ಸಾಬರು ಗೋಗರೆದರು.

"ಏನ್ ಮಾಡ್ಲಿ ಸಾಬ್ರ, ಕೈ ತಾನ ಹಣಿಗೆ ಹೋಗ್ತೈತಿ!"

ಓಟಿನ ದಿನ ಶಾಲೆಯ ಮುಂದಿನ ಪಾಳಿ ಬೀದಿಯವರೆಗೂ ಬೆಳೆದಿತ್ತು. ಅಲ್ಲಿ ಓಟು ಕೇಳುವಂತಿಲ್ಲ. ಸುಬೇದಾರರು ಬಾಯಿ ಬಿಗಿಹಿಡಿದು ಬಂದು ಎಲ್ಲರ ಹಿಂದೆ ನಿಂತರು. ಮುಂದಿದ್ದ ಅಜ್ಜಿ ತಿರುಗಿ ನೋಡಿ, ಎಡಗೈಯನ್ನು ಹಣೆಗೆ ಒತ್ತಿ, ಒಂದು ಸೆಲ್ಯೂಟು ಹೊಡೆದಳು. ಅವಳನ್ನು ನೋಡಿ ಪಾಳಿಗೆ ಪಾಳಿಯೇ ಕೈ ಎತ್ತಿತು. ಯಾರೋ ದೊಡ್ಡ ಸಾಹೇಬರು ಬಂದರೆಂದು ಬಾಗಿಲಲ್ಲಿದ್ದ ಪೊಲೀಸಪ್ಪನೂ ಗಾಬರಿಯಾಗಿ ಬೂಟು ಅಪ್ಪಳಿಸಿದ.

ಸುಬೇದಾರರ ಬಲಗೈ ಅರ್ಧಕ್ಕೆ ಏರಿ ನಿಂತುಬಿಟ್ಟಿತು. ಆಮೇಲೆ ಎಡಗೈ ಮೆಲ್ಲಗೆ ಬಂದು ಅದನ್ನು ಕೂಡಿಕೊಂಡಿತು.

ಅವರು ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.