ಮೂಗಿನ ಮೇಸ್ತ್ರಿಯೂ ತಂಗಿಯ ಪಿಕಪ್ಪೂ

ಆಟೋಮ್ಯಾಟಿಕ್ ಗೇರಿನ ಗಾಡಿಗೆ ಕೈ ಹಾಕುವವರು ಆ ಗ್ಯಾರೇಜು ಬೀದಿಯಲ್ಲಿ ಮೂವರಿದ್ದರು. ಆದರೆ ಗೇರ್ ಬಾಕ್ಸನ್ನು ಬಿಚ್ಚದೆಯೇ ಒಳಗೇನಾಗಿದೆ ಎಂದು ಹೇಳುತ್ತಿದ್ದವನು ಒಬ್ಬನೇ. ಇಂಜಿನ್ ಬಿಸಿಯಾಗುವಷ್ಟು ಹೊತ್ತು ಓಡಿಸಿ, ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು, ಬಿಳಿ ಬಟ್ಟೆಯ ಮೇಲೆ ಮೂರು ಹನಿ ಬೀಳಿಸುತ್ತಿದ್ದ. ಮೊದಲು ಬಣ್ಣ ನೋಡುತ್ತಿದ್ದ. ಆಮೇಲೆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಕಣ್ಣು ಬಿಟ್ಟಾಗ ತೀರ್ಪು ಸಿದ್ಧ. ಹೀಗಾಗಿ ಎಲ್ಲರ ಬಾಯಲ್ಲೂ ಅವನು ಮೂಗಿನ ಮೇಸ್ತ್ರಿ.

"ಇವನ ಮೂಗು ಕಟ್ಟಿದ್ರೆ ಊರಿನ ಅರ್ಧ ಗಾಡಿ ನಿಂತುಹೋಗ್ತವೆ ನೋಡಿ" ಎಂದು ಪಕ್ಕದ ಶೆಡ್ಡಿನ ಟಯರಿನವನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಕಳೆದ ಚಳಿಗಾಲದಲ್ಲಿ ಮೇಸ್ತ್ರಿಗೆ ಒಂದು ಜ್ವರ ಬಂತು. ಹತ್ತು ದಿನ ಇದ್ದು ಹೋಯಿತು. ಹೋಗುವಾಗ ವಾಸನೆಯನ್ನೂ ಜೊತೆಯಲ್ಲಿ ಕರೆದುಕೊಂಡು ಹೋಯಿತು.

ಅದನ್ನು ಮೊದಲು ಹಿಡಿದವಳು ಹೆಂಡತಿ. ಒಲೆಯ ಮೇಲೆ ಹಾಲು ತಳ ಹತ್ತಿ ಮನೆಯೆಲ್ಲ ಸೀದ ವಾಸನೆ ತುಂಬಿದ್ದರೂ, ಒಲೆಯ ಕಡೆ ಬೆನ್ನು ಹಾಕಿ ಎರಡು ಮಾರು ದೂರದಲ್ಲಿ ಅವನು ಪೇಪರ್ ಓದುತ್ತ ಕೂತಿದ್ದ.

"ಏನ್ರೀ, ಪಾತ್ರೆ ಕರಕಲಾಗ್ತಿದೆ! ಮೂಗು ಎಲ್ಲಿ ಅಡವಿಟ್ಟು ಬಂದ್ರಿ?"

ಅವನು ಪೇಪರ್ ಮಡಚಿದ. "ಯಾರಿಗೂ ಹೇಳಬೇಡ ಕಣೇ" ಎಂದ.

ಅವಳೂ ಹೇಳಲಿಲ್ಲ. ವಾಸನೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಏಳು ತಿಂಗಳು ಅವನು ಬರೀ ಬಣ್ಣ ನೋಡಿ, ಸದ್ದು ಕೇಳಿ ಕೆಲಸ ನಡೆಸಿದ. ಬಟ್ಟೆಯನ್ನು ಮೂಗಿಗೆ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ. ಜನ ಅದನ್ನು ನೋಡಲೆಂದೇ ಕಾಯುತ್ತಿದ್ದರಲ್ಲ.

ಹಾಗಿರುವಾಗ ತಂಗಿ ತನ್ನ ಪಿಕಪ್ಪನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಇಪ್ಪತ್ತೆರಡು ವರ್ಷದ ಗಾಡಿ. ಅವಳ ಗಂಡ ಅದರಲ್ಲೇ ಬೇಕರಿಯ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಹಾಕುತ್ತಿದ್ದ. ಅವನು ತೀರಿಕೊಂಡ ಮೇಲೆ ಸ್ಟೇರಿಂಗ್ ಮುಟ್ಟಿ ಗೊತ್ತಿಲ್ಲದ ಇವಳು, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲೇ ಕಲಿತು, ಅದೇ ಕೆಲಸವನ್ನು ಹಿಡಿದಿದ್ದಳು. ಬೇಕರಿಯವರು ಒಂದು ದಿನ ಬ್ರೆಡ್ ತಲುಪದಿದ್ದರೆ ಬೈದು ಸುಮ್ಮನಾಗುವರು; ಎರಡನೆಯ ದಿನ ಬೇರೆಯವರ ಗಾಡಿ ಬಂದು ನಿಲ್ಲುತ್ತದೆ. ಆ ಗಾಡಿ ಬಿಟ್ಟರೆ ಅವಳಿಗೆ ಬದುಕಿಲ್ಲ.

ಬರುವಾಗ ಎಂದಿನಂತೆ ಒಂದು ಬಿಸಿ ಬ್ರೆಡ್ ತಂದಿದ್ದಳು. ಅವನೂ ಎಂದಿನಂತೆ ಅದನ್ನು ಮುಖದ ಹತ್ತಿರ ಹಿಡಿದು, "ಆಹಾ, ಏನು ಘಮ!" ಎಂದ.

"ಘಮ ಆಮೇಲೆ, ಗಾಡಿ ನೋಡಣ್ಣ. ಗೇರಿಗೆ ಹಾಕಿದ್ರೆ ಎರಡು ಉಸಿರು ಯೋಚನೆ ಮಾಡಿ ಆಮೇಲೆ ಹೊರಡುತ್ತೆ, ನಮ್ಮನೆಯವರು ಮಾಡ್ತಿದ್ರಲ್ಲ, ಹಾಗೆ. ಏರು ಬಂತೂಂದ್ರೆ ಇಂಜಿನ್ ಕಿರುಚುತ್ತೆ, ಚಕ್ರ ಮಾತ್ರ ತನಗೆ ಸಂಬಂಧ ಇಲ್ಲ ಅನ್ನೋ ಹಾಗೆ ಇರುತ್ತೆ."

ಅವನು ಕಡ್ಡಿ ಎಳೆದ. ಮೂರು ಹನಿ. ಕೆಂಪಗಿರಬೇಕಾದ ಆಯಿಲ್ ಕಾಫಿಯಂತೆ ಕಂದು ಬಣ್ಣವಾಗಿತ್ತು. ಇದು ಎರಡರಲ್ಲಿ ಒಂದು. ಬರೀ ಹಳೆಯದಾಗಿದ್ದರೆ ಹೊಸದು ಹಾಕಿದರೆ ಮುಗಿಯಿತು. ಸುಟ್ಟಿದ್ದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ ಎಂದರ್ಥ. ಆ ಸವೆದ ಪುಡಿ ಹಳೆಯ ಆಯಿಲ್‌ನಲ್ಲಿ ಕದಡಿಕೊಂಡು, ಅದರ ಹಿಡಿತದಲ್ಲೇ ಗಾಡಿ ಹೇಗೋ ಓಡುತ್ತಿರುತ್ತದೆ. ಅಂಥದ್ದಕ್ಕೆ ಹೊಸ ಆಯಿಲ್ ಹಾಕಿದರೆ ಎರಡೇ ದಿನದಲ್ಲಿ ಉಳಿದ ಹಿಡಿತವೂ ಜಾರಿ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇದನ್ನು ಬೀದಿಯ ಉಳಿದ ಮೇಸ್ತ್ರಿಗಳಿಗೆ ಕಲಿಸಿದವನೇ ಅವನು. ಎರಡನ್ನೂ ಬೇರೆ ಮಾಡಿ ಹೇಳುತ್ತಿದ್ದದ್ದು ಅವನ ಮೂಗು.

ಬಟ್ಟೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಏನೂ ಇಲ್ಲ. ನೀರು ಮೂಸಿದ ಹಾಗೆ.

"ಏನನ್ನುತ್ತಪ್ಪ ಮೂಗು?" ಟಯರಿನವನು ಆಚೆಯಿಂದ ಕೂಗಿದ.

ತಂಗಿ ಪಕ್ಕದಲ್ಲೇ ನಿಂತಿದ್ದಳು. ಬಟ್ಟೆಯನ್ನು ಅವಳ ಕೈಗೆ ಕೊಟ್ಟು, ಸ್ವಲ್ಪ ಮೂಸಮ್ಮ ಎಂದಿದ್ದರೆ ಸಾಕಾಗಿತ್ತು. ಅವನು ಕಣ್ಣು ಬಿಟ್ಟು, "ಹಳೇ ಆಯಿಲ್, ಅಷ್ಟೇ. ಬದಲಾಯಿಸಿಬಿಡೋಣ" ಎಂದ.

"ಸುಟ್ಟಿಲ್ಲ ತಾನೇ?"

"ಇಲ್ಲ ಅಂದೆನಲ್ಲ."

ಆಯಿಲನ್ನು ಡಬ್ಬಕ್ಕೆ ಇಳಿಸಿ, ಅದನ್ನು ಹಳೆ ಆಯಿಲ್‌ನ ಡ್ರಮ್ಮಿಗೆ ಸುರಿದ ಮೇಲೆ ಗೇರ್ ಬಾಕ್ಸಿನ ತಳದ ತಟ್ಟೆಯನ್ನು ಬಿಚ್ಚಿದ. ತಟ್ಟೆಯಲ್ಲಿ ಬೆರಳು ಆಡಿಸಿದಾಗ ಕಪ್ಪು ಚಕ್ಕೆಗಳು ಹತ್ತಿದವು. ಪ್ಲೇಟು ಸವೆದ ಗುರುತು. ಹಳೆಯದನ್ನು ಮತ್ತೆ ತುಂಬೋಣವೆಂದರೆ ಅದು ಡ್ರಮ್ಮಿನಲ್ಲಿ ಹತ್ತು ಗಾಡಿಯ ಕೊಳೆಯೊಂದಿಗೆ ಬೆರೆತಿತ್ತು. ಇಷ್ಟು ಹಳೆಯ ಗಾಡಿಯಲ್ಲಿ ಇದೆಲ್ಲ ಇದ್ದದ್ದೇ ಎಂದು ತನಗೆ ತಾನೇ ಹೇಳಿಕೊಂಡು ತಟ್ಟೆ ಒರೆಸಿದ. ಹೊಸ ಆಯಿಲ್ ತುಂಬಿದ. ಬೀದಿಯಲ್ಲೊಂದು ಸುತ್ತು ಹಾಕಿದಾಗ ಗಾಡಿ ಬೆಣ್ಣೆಯಂತೆ ಓಡಿತು. ತಂಗಿ ಕೈ ಬೀಸಿ ಹೋದಳು.

ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. ಅವನು ಓಡಿ ಹೋಗುವಷ್ಟರಲ್ಲಿ, ಏರಿನ ನಡುವೆ ನಿಂತ ಪಿಕಪ್ಪಿನಿಂದ ಬೇಕರಿಯವರು ಬ್ರೆಡ್ಡಿನ ಟ್ರೇಗಳನ್ನು ಇನ್ನೊಂದು ಗಾಡಿಗೆ ಸಾಗಿಸುತ್ತಿದ್ದರು. ಇಂಜಿನ್ ಓಡುತ್ತಲೇ ಇತ್ತು. ಯಾವ ಗೇರಿಗೆ ಹಾಕಿದರೂ ಗಾಡಿ ಒಂದು ಗೇಣೂ ಅಲುಗಲಿಲ್ಲ.

ತಂಗಿ ಕಡ್ಡಿಯನ್ನು ತಾನೇ ಎಳೆದು ಮೂಸಿದಳು.

"ಅಣ್ಣ, ಸೀದ ಬ್ರೆಡ್ಡಿನ ವಾಸನೆ. ಅವತ್ತೂ ಹೀಗೇ ಬಡೀತಿತ್ತು. ದಿನವಿಡೀ ಬೇಕರೀಲಿ ಓಡಾಡ್ತೀನಲ್ಲ, ನನ್ನ ಬಟ್ಟೇದೇ ಇರಬೇಕು ಅಂದುಕೊಂಡೆ. ನೀನು ಸುಟ್ಟಿಲ್ಲ ಅಂದೆಯಲ್ಲ."

ಅವನು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತ. "ನಂಗೆ ವಾಸನೆ ಗೊತ್ತಾಗಲ್ಲಮ್ಮ. ಆ ಜ್ವರ ಬಂದು ಹೋದಾಗಿಂದ."

ಅವಳು ಬೈಯಬಹುದಿತ್ತು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಕಡ್ಡಿಯನ್ನು ಒರೆಸಿ ಅದರ ಜಾಗಕ್ಕೆ ಇಟ್ಟು ಕೇಳಿದಳು:

"ಹಾಗಾದ್ರೆ ನಾನು ತಂದ ಬ್ರೆಡ್ಡು?"

ಅವನು ಎದ್ದು ಗಾಡಿ ಎಳೆಯುವವನಿಗೆ ಫೋನ್ ಮಾಡಿದ.

ಪಿಕಪ್ಪನ್ನು ಎಳೆದು ತಂದು ಶೆಡ್ಡಿನ ಹಿಂದೆ ನಿಲ್ಲಿಸಿದರು. ಗೇರ್ ಬಾಕ್ಸ್ ಬಿಚ್ಚಿ ನೋಡಿದರೆ ಪ್ಲೇಟುಗಳು ಕರಿದ ಹಪ್ಪಳದ ಹಾಗೆ ಪುಡಿಯಾದವು. ಅಷ್ಟು ಹಳೆಯ ಗಾಡಿಯ ಸಾಮಾನು ಎಲ್ಲಿ ಕೇಳಿದರೂ ಇರಲಿಲ್ಲ. ಎರಡನೆಯ ದಿನದಿಂದ ಬ್ರೆಡ್ಡಿಗೆ ಬೇರೆಯವರ ಗಾಡಿ ಬರತೊಡಗಿತು. ತಂಗಿ ಅದೇ ಬೇಕರಿಯಲ್ಲಿ ಟ್ರೇ ತೊಳೆಯುವ ಕೆಲಸಕ್ಕೆ ಸೇರಿದಳು. ಒಮ್ಮೆ ಬಂದು, ಗಾಡಿಯ ಕನ್ನಡಿಯ ಹಿಂದೆ ಸಿಕ್ಕಿಸಿದ್ದ ಗಂಡನ ಬಾಚಣಿಗೆಯನ್ನು ತೆಗೆದುಕೊಂಡು ಹೋದಳು. ಹೊರಡುವಾಗ ಇಷ್ಟೇ ಅಂದಳು: "ಇನ್ಯಾರಿಗೂ ಹೀಗೆ ಮಾಡಬೇಡಣ್ಣ."

ಮರುದಿನ ದೂರದಿಂದ ಒಬ್ಬ ಡ್ರೈವರ್ ಹೆಸರು ಕೇಳಿಕೊಂಡು ಬಂದ. ಮೇಸ್ತ್ರಿ ಕಡ್ಡಿ ಎಳೆದು ಮೂರು ಹನಿ ಬೀಳಿಸಿ, ಬಟ್ಟೆಯನ್ನು ಅವನ ಮುಂದೆ ಹಿಡಿದ.

"ನಂಗೆ ವಾಸನೆ ಬರಲ್ಲ ಸ್ವಾಮಿ. ನೀವೇ ಮೂಸಿ ಹೇಳಿ."

ತಮಾಷೆ ಎಂದುಕೊಂಡು ಡ್ರೈವರ್ ನಕ್ಕ. ಮೇಸ್ತ್ರಿ ನಗಲಿಲ್ಲ. ಡ್ರೈವರ್ ಅವನ ಮುಖ ನೋಡಿದ, ಬಟ್ಟೆ ನೋಡಿದ, ಗಾಡಿ ಹತ್ತಿ ಮುಂದಿನ ಶೆಡ್ಡಿಗೆ ಹೋದ. ಎಲ್ಲ ಕೇಳಿಸಿಕೊಂಡ ಟಯರಿನವನು ತನ್ನ ಟಯರುಗಳ ಕಡೆ ತಿರುಗಿದ. ಮೇಸ್ತ್ರಿ ಬಟ್ಟೆಯನ್ನು ಮಡಚಿ ಮೊಳೆಗೆ ಸಿಕ್ಕಿಸಿ, ಶೆಡ್ಡಿನ ಹಿಂದೆ ನಿಂತ ಪಿಕಪ್ಪಿನ ಕಡೆಗೆ ಹೋದ.