ಕಂಬಳಿ ಹಿಡಿದ ನ್ಯಾಯಾಧೀಶರು

ನಾನು ಬನಹಟ್ಟಿಗೆ ಸೊಸೆಯಾಗಿ ಬಂದ ವರ್ಷವೇ ಜಮಖಂಡಿ ಸಂಸ್ಥಾನದ ಕೋರ್ಟಿಗೆ ಹೊಸ ನ್ಯಾಯಾಧೀಶರು ನೇಮಕವಾಗಿ ಬಂದರು. ನೇಮಿಸುವವರು ರಾಜರು, ತೆಗೆಯುವವರೂ ರಾಜರು. ನಮ್ಮನ್ನು ಕೇಳುವವರು ಯಾರು? ಆದರೂ ಓಣಿಯ ಕಟ್ಟೆಗಳ ಮೇಲೆ ಅದೇ ಚರ್ಚೆ. ವಯಸ್ಸು ಸಾಲದು ಎಂದರು ಕೆಲವರು. ಪುಣೆಯಲ್ಲಿ ಓದಿದವರಿಗೆ ನೇಕಾರರ ಕಷ್ಟ ಏನು ಗೊತ್ತು ಎಂದರು ಇನ್ನು ಕೆಲವರು. ನಮ್ಮ ಮನೆಯಲ್ಲಂತೂ ಚಿಂತೆ ಹೆಚ್ಚಾಯಿತು, ನಮ್ಮದೊಂದು ವ್ಯಾಜ್ಯ ಅದೇ ಕೋರ್ಟಿನಲ್ಲಿತ್ತು. ಹೊಸಬರು ಎದುರು ಪಕ್ಷದ ವಕೀಲರ ಜೊತೆಗೇ ಓದಿದವರಂತೆ!

ಎದುರು ಪಕ್ಷ ಎಂದರೆ ಹೊರಗಿನವರಲ್ಲ, ನನ್ನ ಚಿಕ್ಕಮಾವ, ಅತ್ತೆಯವರ ಸ್ವಂತ ಮೈದುನ. ಪಕ್ಕದ ಖಾಲಿ ಜಾಗ ಅವರ ಪಾಲಿಗೆ ಬಂದಿತ್ತು. ಅಲ್ಲಿ ಎತ್ತರದ ಗೋಡೆ ಎಬ್ಬಿಸಲು ಹೊರಟಿದ್ದರು. ಅದು ಎದ್ದರೆ ಅತ್ತೆಯವರ ಮಗ್ಗಕ್ಕೆ ಬೆಳಕು ಕೊಡುವ ಒಂದೇ ಕಿಟಕಿ ಮುಚ್ಚಿದಂತೆಯೇ. ನಮ್ಮದು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಎತ್ತಿ ಇನ್ನೊಂದು ಕಡೆ ಇಡುವಂಥದ್ದಲ್ಲ. ಗಂಡ ಹೋದ ಮೇಲೆ ಅತ್ತೆಯವರು ಅದರ ದುಡಿಮೆಯ ಮೇಲೆಯೇ ಮಕ್ಕಳನ್ನು ಬೆಳೆಸಿದ್ದರು. ಈ ಮೈದುನನಿಗೂ ನೇಯ್ಗೆ ಕಲಿಸಿದ್ದು ಅಲ್ಲಿಯೇ.

ಬಹಳ ವರ್ಷ ಅನುಭವಿಸಿದ ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆ ಎಂದು ನಮ್ಮ ವಕೀಲರು ವಾದಿಸಿದರು. ತನ್ನ ಜಾಗದಲ್ಲಿ ಗೋಡೆ ಕಟ್ಟುವುದೂ ಹಕ್ಕೇ ಎಂದರು ಅವರ ವಕೀಲರು. ಇಬ್ಬರೂ ಹೇಳುವುದು ನಿಜ, ಅದೇ ತೊಡಕು. ಸ್ಥಳ ನೋಡಿಯೇ ಹೇಳುತ್ತೇನೆ ಎಂದರು ನ್ಯಾಯಾಧೀಶರು. ಗೆಳೆಯನ ಕಡೆಗೇ ವಾಲುತ್ತಾರೆ ಎಂದು ನಾವಾಗಲೇ ಅವರ ಮೇಲೆ ತೀರ್ಪು ಕೊಟ್ಟು ಕೂತಿದ್ದೆವು.

ಒಂದು ಬೆಳಿಗ್ಗೆ ನ್ಯಾಯಾಧೀಶರು ವಕೀಲರೊಂದಿಗೆ ಬಂದರು. ಓಣಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿದವು. ಎದುರು ವಕೀಲರು ಕಿಟಕಿ ನೋಡಿ, "ದೀಪಾ ಹಚ್ಚಿಕೊಂಡು ನೇಯಬಹುದಲ್ರೀ?" ಎಂದರು.

ಅತ್ತೆಯವರು ಬಿಟ್ಟಾರೆಯೇ? "ನೀವು ಕಚೇರ್ಯಾಗ ಹಗಲೆಲ್ಲಾ ಚಿಮಣಿ ಹಿಡಕೊಂಡು ಕುಂದರ್ತೀರೇನ್ರೀ?"

ನ್ಯಾಯಾಧೀಶರು ಮೀಸೆಯಲ್ಲೇ ನಕ್ಕು, ಒಂದು ಕಂಬಳಿ ತರಿಸಿದರು. ಅದನ್ನು ಎರಡು ಬಿದಿರು ಗಳಗಳಿಗೆ ಕಟ್ಟಿಸಿ, ಗೋಡೆ ಬರುವ ಜಾಗದಲ್ಲಿ ಗೋಡೆಯಷ್ಟೇ ಎತ್ತರಕ್ಕೆ ನಿಲ್ಲಿಸಿದರು. ಒಂದು ಗಳ ಕೋರ್ಟಿನ ಪಟ್ಟೇವಾಲನ ಕೈಗೆ. ಇನ್ನೊಂದನ್ನು ಹಿಡಿದವರು ಕೋಟು, ರುಮಾಲು ಸಮೇತ ಸ್ವತಃ ನ್ಯಾಯಾಧೀಶರು! ನಾನು ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಅವರು ಚಿಕ್ಕಮಾವನಿಗೆ, "ನೀವು ಒಳಗ ಹೋಗಿ ಮಗ್ಗಕ್ಕ ಕುಂದರ್ರಿ. ನೇದು ತೋರಸ್ರಿ" ಎಂದರು.

ನಾವೂ ಹಿಂದೆಯೇ ಒಳಗೆ ಹೋದೆವು, ಚಿಕ್ಕಮಾವ ಕುಣಿಗಿಳಿದರು. ಎರಡು ಸಲ ಲಾಳಿ ಓಡಿಸುವಷ್ಟರಲ್ಲಿ ಎಳೆ ಕಡಿಯಿತು. ಆ ಕತ್ತಲಲ್ಲಿ ಅದರ ತುದಿ ಹುಡುಕಿದರು, ಕಣ್ಣು ಕಿರಿದು ಮಾಡಿದರು, ನೂಲಿಗೆ ಮೂಗು ತಾಗುವಷ್ಟು ಬಾಗಿದರು.

"ಕಾಣತೈತೇನ್ರೀ?" ಕಂಬಳಿಯ ಆಚೆಯಿಂದ ನ್ಯಾಯಾಧೀಶರ ದನಿ.

ಚಿಕ್ಕಮಾವ ಕಣ್ಣುಜ್ಜಿಕೊಂಡರು. ಅವರ ವಕೀಲರು ಸುಮ್ಮನೆ ಕೆಮ್ಮಿದರು. ನಾವು ಗೆದ್ದೆವು ಎಂದು ನನ್ನ ಎದೆ ಹಿಗ್ಗಿತು. ಆದರೆ ಅತ್ತೆಯವರು ಕಿಟಕಿಗೆ ಓಡಿ ಕೂಗಿದರು: "ಕಂಬಳಿ ಇಳಸ್ರೀ ಸಾಹೇಬ್ರ! ಅಂವನ ಕಣ್ಣು ಸಣ್ಣಾಂವ ಇದ್ದಾಗಿಂದ ನಾಜೂಕ ಅದಾವ, ನೋವ್ತಾವ."

ಕಂಬಳಿ ಇಳಿಯಿತು. ಚಿಕ್ಕಮಾವ ಮುಖ ಒರೆಸಿಕೊಂಡು, "ಗ್ವಾಡಿ ಖಿಡಕಿ ಕೆಳಗ ನಿಲ್ಲಸ್ತೇನ್ರೀ, ಹಂಗ ಬರಕೋರಿ" ಎಂದರು. ಬರೆದದ್ದಕ್ಕೆ ಸಹಿ ಹಾಕಿದರು. ಆಮೇಲೂ ಎದ್ದು ಬರಲಿಲ್ಲ. ಕಡಿದ ಎಳೆ ಗಂಟು ಹಾಕಿ ಮತ್ತೆ ಲಾಳಿ ಓಡಿಸತೊಡಗಿದರು.

ಅತ್ತೆಯವರು ಮಗ್ಗದ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಲೇ ಗದರಿದರು: "ಸೀರಿ ದಡಿ ಬಿಗಿ ಹಿಡಿಯೋ ತಮ್ಮಾ! ಇನ್ನೂ ಸಡಿಲ ಬಿಡ್ತಿ."

"ಹೂಂ, ವೈನಿ" ಎಂದರು ಚಿಕ್ಕಮಾವ.