ಇಂಡಿಯಲ್ಲಿ ಪೂರ್ವಕ್ಕೆ ವಾಲಿದ ಕಂಬಗಳು

ಸಿಂದಗಿಯ ಒಂದು ಕಚೇರಿಯಲ್ಲಿ ನಾನು ನಾಲ್ಕು ವರ್ಷ ಕಟ್ಟಡಗಳ ಬಲದ ಲೆಕ್ಕ ಮಾಡಿದೆ. ಕಚೇರಿ ನಮ್ಮ ಸರ್ ಅವರದು. ಅವರಿಗೆ ಲೆಕ್ಕವೇ ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಒಂದು ಕಾಲಕ್ಕೆ ಬರುತ್ತಿದ್ದಿರಬೇಕು. ನಾನು ಸೇರುವ ಹೊತ್ತಿಗೆ ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು ಭೂಮಿಪೂಜೆಯಲ್ಲಿ ಶಾಲು ಹೊದಿಸಿಕೊಳ್ಳುವುದು. "ನಾ ಕಟ್ಟಿಸಿದ್ದು ಇಲ್ಲೀತನಕಾ ಒಂದೂ ಬಿದ್ದಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬೀಳದೆ ನಿಂತದ್ದು ಗೋಡೆ ಕಟ್ಟುವ ಗೌಂಡಿಗಳ ಕೈಗುಣದಿಂದ. ಹೆಸರು ಮಾತ್ರ ಇವರಿಗೆ.

ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಸಾಹುಕಾರರೊಬ್ಬರು ಕಬ್ಬಿಣದ ಕಂಬಗಳ ಐದು ಅಂತಸ್ತಿನ ಕಟ್ಟಡ ಎಬ್ಬಿಸಲು ಹೊರಟರು. ಕೆಳಗೆ ಅಂಗಡಿಗಳು, ಮೇಲೆ ಕಾಲೇಜು ಹುಡುಗಿಯರಿಗೆ ಹಾಸ್ಟೆಲ್. ಕಂಪ್ಯೂಟರಿನಲ್ಲಿ ಅದರ ಮಾದರಿ ಮಾಡಿದ್ದು ನಾನು. ಪರದೆಯ ಮೇಲೆ ಕಂಬಗಳೆಲ್ಲ ಗೆರೆ ಎಳೆದಂತೆ ನೆಟ್ಟಗೆ ನಿಂತಿದ್ದವು. ನೆಲದ ಮೇಲೆ ಯಾವ ಕಂಬವೂ ಹಾಗೆ ನಿಲ್ಲುವುದಿಲ್ಲ. ಒಂದಿಷ್ಟು ವಾಲಿಯೇ ವಾಲುತ್ತದೆ, ವಾಲಿದ ಮೇಲೆ ಅದು ಹೊತ್ತ ಭಾರವೇ ಅದನ್ನು ಇನ್ನಷ್ಟು ಪಕ್ಕಕ್ಕೆ ತಳ್ಳುತ್ತದೆ. ಇದಕ್ಕೆಂದೇ ಆ ಸಾಫ್ಟ್‌ವೇರಿನಲ್ಲಿ ಒಂದು ಕಡೆ ಅನುಕೂಲವಿದೆ. ಯಾವ ಅಂತಸ್ತು, ಯಾವ ದಿಕ್ಕು, ಎಷ್ಟು ವಾಲು ಎಂದು ಹೇಳಿದರೆ, ಪ್ರತಿ ಅಂತಸ್ತಿನ ಭಾರದ ಸಣ್ಣದೊಂದು ಪಾಲನ್ನು ಪಕ್ಕದಿಂದ ತಳ್ಳುವ ಬಲವಾಗಿ ಅದೇ ಹಾಕಿಕೊಡುತ್ತದೆ. ಇಂಪರ್ಫೆಕ್ಷನ್ ಲೋಡ್ ಎಂದು ಅದರ ಹೆಸರು. ನಾನು ಅದನ್ನು ಓರೆ ಭಾರ ಎನ್ನುತ್ತಿದ್ದೆ.

ಸರ್ ನನ್ನ ಹಿಂದೆ ಬಂದು ನಿಂತು ನೋಡಿದರು.

"ಗಾಳಿ ಹಾಕೀದಿ, ಭೂಕಂಪ ಹಾಕೀದಿ. ಮತ್ತ ಇದೇನು?"

"ಕಂಬ ಪೂರಾ ನೆಟ್ಟಗ ನಿಲ್ಲೂದಿಲ್ಲಲ್ರಿ ಸರ್, ಅದಕ್ಕ."

"ನಮ್ಮ ಕಂಬ ನಿಲ್ತಾವು. ತಗಿ ಅದನ್ನ."

ನಾನು ತಡಮಾಡಿದ್ದಕ್ಕೆ ಮೌಸನ್ನು ತಾವೇ ಹಿಡಿದು ಐದೂ ಅಂತಸ್ತುಗಳ ಮುಂದೆ ನಾನು ಹಾಕಿದ್ದ ಓರೆ ಭಾರದ ಗುರುತು ಅಳಿಸಿದರು. ಲೆಕ್ಕದಲ್ಲಿ ಕಂಬಗಳು ಸಪೂರವಾದವು. ಸಾಹುಕಾರರ ಮುಂದೆ ಸರ್ ಕಬ್ಬಿಣ ಉಳಿಸಿದ ಜಾಣರಾದರು. ನಾನು ಮನಸ್ಸಿನಲ್ಲೇ ಬೈದುಕೊಂಡೆ. ಹಾಗೆ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಿರುವವರನ್ನು ಕಂಡರೂ ನನಗೆ ಆಗುವುದಿಲ್ಲ, ಅವರಲ್ಲಿ ನಾನೂ ಒಬ್ಬಳು.

ಮೂರು ಅಂತಸ್ತಿನವರೆಗೆ ಕಂಬ ಎದ್ದ ಮೇಲೆ, ಬೋಲ್ಟುಗಳನ್ನು ನೋಡಿ ಬಾ ಎಂದು ನನ್ನನ್ನು ಇಂಡಿಗೆ ಕಳಿಸಿದರು. ಅವರಿಗೆ ಆ ದಿನ ದೇವರ ಹಿಪ್ಪರಗಿಯಲ್ಲಿ ಸನ್ಮಾನವಿತ್ತು. ವೆಲ್ಡಿಂಗ್ ಕೆಲಸ ಹಿಡಿದಿದ್ದವರು ಇಂಡಿಯ ಒಬ್ಬ ಹಿರಿಯರು, ಎಲ್ಲರ ಬಾಯಲ್ಲೂ ಚಾಚಾ. ಪ್ರತಿ ಕಂಬದ ಬುಡದಲ್ಲಿ ಅವರು ಸೀಮೆಸುಣ್ಣದಿಂದ ಬಾಣ ಎಳೆದು ಅಂಕಿ ಬರೆದಿದ್ದರು.

"ಇದೇನ್ರಿ ಚಾಚಾ?" ಎಂದೆ, ತಾತ್ಸಾರದಿಂದಲೇ.

"ಎಷ್ಟು ವಾಲ್ಯಾವು ಅಂತ ಬರದೇನ್ರಿ ಮೇಡಂ. ಎಲ್ಲಾ ಮೂಡಣಕ್ಕ. ಬುಡದ ಪ್ಲೇಟ್ ಕೂಡಿಸುವಾಗ ತಪ್ಪೈತಿ, ಅದರಾಗ ನಂದೂ ತಪ್ಪೈತಿ. ಸರ್‌ಗೆ ಫೋನ್ ಮಾಡಿ ಹೇಳೇನಿ. ಬಣ್ಣ ಹಚ್ಚಿದ ಮ್ಯಾಲ ಕಾಣೂದಿಲ್ಲ ಬಿಡು ಅಂದ್ರು."

ನನ್ನ ಚೀಲದಲ್ಲಿ ಲೇಸರ್ ಉಪಕರಣವಿತ್ತು. ಆ ಬಿಸಿಲಿನಲ್ಲಿ ಅದರ ಕೆಂಪು ಚುಕ್ಕೆ ಎಲ್ಲಿ ಬಿದ್ದಿದೆಯೆಂದೇ ಕಾಣಲಿಲ್ಲ. ಚಾಚಾ ಮೇಲೆ ಹತ್ತಿ, ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟರು. ಅಂಕಿಗಳೆಲ್ಲ ಸರಿಯಿದ್ದವು. ನಿಯಮದ ಪುಸ್ತಕ ಊಹಿಸಿಕೊಂಡದ್ದಕ್ಕಿಂತಲೂ ಕಂಬಗಳು ಹೆಚ್ಚು ವಾಲಿದ್ದವು.

ಸಿಂದಗಿಗೆ ಮರಳಿ, ಅಳಿಸಿದ್ದ ಗುರುತುಗಳನ್ನು ಮತ್ತೆ ಹಾಕಿ, ಚಾಚಾ ಅಳೆದ ವಾಲನ್ನೇ ಕೊಟ್ಟು ಲೆಕ್ಕ ಓಡಿಸಿದೆ. ಕೆಳ ಅಂತಸ್ತಿನ ಪೂರ್ವದ ಸಾಲಿನ ಕಂಬಗಳೆಲ್ಲ ಪರದೆಯ ಮೇಲೆ ಕೆಂಪಾದವು, ಎಂದರೆ ಭಾರ ತಾಳಲಾರವು. ಹಾಳೆ ಮುದ್ರಿಸಿ ಸರ್ ಮುಂದಿಟ್ಟೆ. ಅವರು ಅದರ ಮೇಲೆ ಚಹಾದ ಕಪ್ಪು ಇಟ್ಟರು.

"ಕಂಪ್ಯೂಟರ್ ಕೆಂಪ ತೋರಿಸ್ತಂದ್ರ ಅಂಜ್ತಿ. ನಿನಗ ಇದು ಆಗೂದಲ್ಲ, ಸೀರಿ ಅಂಗಡಿ ಇಡು."

ಮರುದಿನ ರಜೆ ಹಾಕಿ ನಾನೇ ಇಂಡಿಗೆ ಹೋದೆ. ಸಾಹುಕಾರರ ಬಗ್ಗೆಯೂ ನನಗೆ ದೊಡ್ಡ ಅಭಿಪ್ರಾಯವೇನಿರಲಿಲ್ಲ. ನಿಂಬೆಹಣ್ಣು ಆರಿಸುತ್ತಲೇ ಅವರು ಸರ್ ಆಡಿದ ಬಣ್ಣದ ಮಾತೂ ಸೇರಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಯಾವ ಕಡಿ ವಾಲ್ಯಾವ್ರಿ?"

"ಮೂಡಣಕ್ರಿ."

"ಹುಡುಗ್ಯಾರ ಖೋಲಿ ಆ ಕಡೀನ ಬರ್ತಾವಲ್ರಿ," ಎಂದು ಬುಟ್ಟಿ ಬದಿಗೆ ಸರಿಸಿದರು. ಅಲ್ಲಿಂದಲೇ ಸರ್‌ಗೆ ಫೋನ್ ಮಾಡಿ ಕಟ್ಟಡದ ಜಾಗಕ್ಕೆ ಬರಹೇಳಿದರು.

ಅಲ್ಲಿಗೆ ಬಂದ ಸರ್ ಕಪ್ಪು ಕನ್ನಡಕ ತೆಗೆಯದೆ ನನ್ನತ್ತ ಕೈ ತೋರಿಸಿದರು. "ಸಣ್ಣ ಹುಡುಗಿರಿ. ಗುಂಡಿ ಒತ್ತಾಕ ಬರ್ತೈತಿ, ಬಿಲ್ಡಿಂಗ್ ತಿಳಿಯೂದಿಲ್ಲ."

"ಹಂಗಾರ ನೀವ ತೋರಸ್ರಿ," ಎಂದರು ಸಾಹುಕಾರರು.

ಚಾಚಾ ಮೇಲಿನಿಂದ ಗುಂಡು ಇಳಿಬಿಟ್ಟರು. ಅದು ಗಾಳಿಗೆ ತೂಗಾಡಿತು. ಸರ್ ಮುಖದಲ್ಲಿ ಗೆಲುವು ಬಂತು. "ನೋಡ್ರಿ, ಗಾಳಿ ಐತಿ. ಇದರಾಗ ಏನೂ ತಿಳಿಯೂದಿಲ್ಲ." ಚಾಚಾ ಕೆಳಗಿಳಿದು, ಒಂದು ಬಕೆಟ್ ನೀರು ತಂದು, ಗುಂಡನ್ನು ಅದರೊಳಗೆ ಮುಳುಗಿಸಿಟ್ಟರು. ದಾರ ಅಲುಗಾಡದೆ ನಿಂತಿತು. ಸಾಹುಕಾರರು ಕುಕ್ಕರಗಾಲಿನಲ್ಲಿ ಕೂತು ಕಂಬದ ಬುಡಕ್ಕೂ ದಾರಕ್ಕೂ ನಡುವೆ ಕೈ ತೂರಿಸಿದರು. ನಾಲ್ಕೂ ಬೆರಳು ಹಿಡಿಸಿದವು.

"ಸರ್, ಇದಕ್ಕ ಬಣ್ಣ ಹಚ್ಚಬೇಕೇನ್ರಿ?" ಎಂದು ಕೇಳಿದರು.

ಸರ್ ಫೋನ್ ಬಂದವರಂತೆ ದೂರ ಹೋದರು.

ಕೆಲಸ ನಿಂತಿತು. ಪೂರ್ವದ ಬದಿಯಲ್ಲಿ ಕಂಬದಿಂದ ಕಂಬಕ್ಕೆ ಓರೆಯಾಗಿ ಕಬ್ಬಿಣದ ತೊಲೆ ಕೊಟ್ಟೆವು, ಕೆಳಗಿನ ಕಂಬಗಳಿಗೆ ಹೊರಗಿನಿಂದ ಪ್ಲೇಟ್ ಬೆಸೆದೆವು. ಭಾರ ಇಳಿಸಲೆಂದು ಐದನೆಯ ಅಂತಸ್ತನ್ನೂ, ಓರೆ ತೊಲೆ ಅಡ್ಡ ಬಂದ ಒಂದು ಅಂಗಡಿಯನ್ನೂ ಸಾಹುಕಾರರು ತಕರಾರಿಲ್ಲದೆ ಕೈಬಿಟ್ಟರು. ಈಗ ಅಲ್ಲಿ ಹುಡುಗಿಯರಿದ್ದಾರೆ.

ಕೆಲವು ತಿಂಗಳ ನಂತರ ಬಸವನ ಬಾಗೇವಾಡಿಯಲ್ಲಿ ಇಂಜಿನಿಯರುಗಳ ಒಂದು ಸಭೆ ನಡೆಯಿತು. ಸರ್ ವೇದಿಕೆಯ ಮೇಲೆ ನಿಂತು, ವಾಲಿದ ಕಂಬವನ್ನು ತಾವು ಒಂದು ಬಕೆಟ್ ನೀರಿನಿಂದ ಪತ್ತೆಹಚ್ಚಿದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆ ವಾರವೇ ಕೆಲಸ ಬಿಟ್ಟೆ. ಅನುಭವದ ಪತ್ರ ಕೇಳಿದ್ದಕ್ಕೆ, "ನೀನ ಟೈಪ್ ಮಾಡ್ಕೊಂಡು ಬಾ" ಎಂದರು. ಇಂಡಿಯ ಕಟ್ಟಡದ ಲೆಕ್ಕದಿಂದ ಕಚೇರಿಯ ಮುಖ್ಯಸ್ಥರು ತೆಗೆದುಹಾಕಿದ್ದ ಓರೆ ಭಾರಗಳನ್ನು ಈಕೆ ಮತ್ತೆ ಸೇರಿಸಿದಳು ಎಂದು ನಡುವೆ ಒಂದು ಸಾಲು ಬರೆದೆ. ಸರ್ ಓದದೆ ಸಹಿ ಮಾಡಿ ಸೀಲು ಒತ್ತಿದರು.

ಮುದ್ದೇಬಿಹಾಳದಲ್ಲಿ ಕೆಲಸ ಕೇಳಲು ಹೋದಾಗ ಅಲ್ಲಿನ ಇಂಜಿನಿಯರ್ ಆ ಪತ್ರವನ್ನು ಎರಡು ಸಲ ಓದಿದರು.

"ಸಹಿ ಮಾಡಿದವ್ರು ಇದನ್ನ ಓದ್ಯಾರೇನ್ರಿ?"

"ಇಲ್ರಿ."

ಅವರು ಪತ್ರ ಮಡಚಿ ಕೈಗೆ ಕೊಟ್ಟು, "ಸೋಮವಾರದಿಂದ ಬರ್ರಿ" ಎಂದರು.